ಮಲ್ಲಯ್ಯನ ಪಲ್ಲಕ್ಕಿ, ಹರಕೆಯ ಮರಿ

ಮಕರ ಸಂಕ್ರಮಣದ ದಿನ ಯಾದಗಿರಿಯಿಂದ ಮೈಲಾಪುರದ ಕಡೆ ಹೊರಟ ಟಂಟಂ, ಟ್ರ್ಯಾಕ್ಟರ್‌ಗಳನ್ನು ಪೊಲೀಸರು ದಾರಿಯಲ್ಲೇ ನಿಲ್ಲಿಸಿ ಕಂಬಳಿ ಸರಿಸಿ ನೋಡುತ್ತಾರೆ. ಹುಡುಕುವುದು ಸಾರಾಯಿಯನ್ನಲ್ಲ, ಕುರಿಮರಿಯನ್ನು. ಮುದುಕನೊಬ್ಬನ ಮಡಿಲಲ್ಲಿ, ಕಂಬಳಿಯ ಮಡಿಕೆಯೊಳಗೆ ಹುಟ್ಟಿ ತಿಂಗಳೂ ಆಗದ ಮರಿ. ಹಣೆಗೆ ಆಗಲೇ ಭಂಡಾರದ ಅರಿಶಿನ ಹಚ್ಚಿ ಆಗಿದೆ. ‘ಹರಕಿ ಐತ್ರಿ ಸಾಹೇಬ್ರ’ ಎಂದರೆ ನಡೆಯುವುದಿಲ್ಲ. ಮರಿ ದೊಡ್ಡಿಗೆ ಹೋಗುತ್ತದೆ, ಮುದುಕ ಬರಿಗೈಯಲ್ಲಿ ಗುಡ್ಡದ ಕಡೆ ನಡೆಯುತ್ತಾನೆ.

ಗುಡ್ಡದ ಗುಹೆಯೊಳಗಿನ ದೇವರು ಮಲ್ಲಯ್ಯ ಆ ದಿನ ಪಲ್ಲಕ್ಕಿ ಏರಿ ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಹೊರಡುತ್ತಾನೆ. ‘ಏಳು ಕೋಟಿಗೇ’ ಎಂಬ ಕೂಗು ಎದ್ದಿತೆಂದರೆ ಭಂಡಾರದ ಹಳದಿಯಲ್ಲಿ ಮನುಷ್ಯರ ಮುಖ ಗುರುತು ಸಿಗುವುದಿಲ್ಲ. ಆಂಧ್ರ, ತೆಲಂಗಾಣ, ಮಹಾರಾಷ್ಟ್ರದ ಜನ ಅಲ್ಲಿರುತ್ತಾರೆ. ಗುಳೆ ಹೋದ ನಮ್ಮವರೂ ಊರಿಗೆ ಬರುವುದಕ್ಕೆ ಈ ದಿನವನ್ನೇ ಹಿಡಿಯುತ್ತಾರೆ. ಕಬ್ಬಿಣದ ಸರಪಳಿ ಹರಿಯುವ ಆಚರಣೆಯನ್ನು ನೋಡದೆ ಯಾರೂ ಜಾಗ ಬಿಡುವುದಿಲ್ಲ. ಈ ಗದ್ದಲದ ನಡುವೆ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದು ಹಿಂದಿನಿಂದ ನಡೆದುಬಂದ ಹರಕೆ. ಎಸೆದ ಮರಿ ನೆಲಕ್ಕೆ ಬಿದ್ದು ಸಾವಿರಾರು ಕಾಲುಗಳಡಿ ಸಿಕ್ಕಿ ಸಾಯುತ್ತಿತ್ತು. ಜಿಲ್ಲಾಡಳಿತ ಇದನ್ನು ನಿಷೇಧಿಸಿತು.

ನಿಷೇಧ ಸರಿ. ಅದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಅದನ್ನು ನಡೆಸುವ ರೀತಿಯಲ್ಲಿ.

ಕುರಿಗಾಹಿಯ ಲೆಕ್ಕ ಸರಳ. ಹಿಂಡು ಮಲ್ಲಯ್ಯನದು, ತಾನು ಕಾಯುವವನಷ್ಟೇ. ಹಿಂಡು ಹೆಚ್ಚಿದರೆ ಒಂದು ಮರಿ ಒಡೆಯನಿಗೆ. ಈ ಲೆಕ್ಕದಲ್ಲಿ ಎಸೆಯಲೇಬೇಕು ಎಂಬುದೆಲ್ಲಿದೆ? ಆ ನೂಕುನುಗ್ಗಲಿನಲ್ಲಿ ಕೈ ಪಲ್ಲಕ್ಕಿಯನ್ನು ಮುಟ್ಟುವುದಿಲ್ಲ, ಅದಕ್ಕೇ ಎಸೆತ. ದೂರ ನಿಂತವನು ಭಂಡಾರವನ್ನೂ ಎಸೆಯುತ್ತಾನೆ, ಉಣ್ಣೆಯನ್ನೂ ಎಸೆಯುತ್ತಾನೆ, ಮರಿಯನ್ನೂ ಎಸೆದ. ಆಡಳಿತ ಎಸೆತವನ್ನು ತಡೆಯಿತೇ ಹೊರತು ಕೈಗೂ ಪಲ್ಲಕ್ಕಿಗೂ ನಡುವಿನ ಆ ದೂರವನ್ನು ಕಡಿಮೆ ಮಾಡಲಿಲ್ಲ. ವಶಪಡಿಸಿಕೊಂಡ ಮರಿಗಳು ಹರಾಜಾಗುತ್ತವೆ. ದೇವರಿಗೆಂದು ಬಿಟ್ಟ ಮರಿ ಚೆಕ್‌ಪೋಸ್ಟ್ ದಾಟಿದ ಕೂಡಲೇ ಕಿಲೋ ಲೆಕ್ಕದ ಮಾಂಸವಾದರೆ ಹರಕೆ ಹೊತ್ತವನು ಮುಂದಿನ ವರ್ಷ ಕದ್ದು ತರದೆ ಇನ್ನೇನು ಮಾಡಿಯಾನು?

ಹಬ್ಬದಲ್ಲಿ ಪ್ರಾಣಿ ನೋಯುವುದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಪಶ್ಚಿಮದ ವಾಯೋಮಿಂಗ್ ದನಗಾಹಿಗಳ ನಾಡು. ಅಲ್ಲಿನ ಶಯೆನ್ ಪಟ್ಟಣದಲ್ಲಿ 1897ರಿಂದ ಫ್ರಾಂಟಿಯರ್ ಡೇಸ್ ಎಂಬ ದೊಡ್ಡ ಹಬ್ಬ ನಡೆಯುತ್ತದೆ. ಓಡುವ ಕರುವಿನ ಕೊರಳಿಗೆ ಹಗ್ಗದ ಕುಣಿಕೆ ಬೀಸಿ ಕೆಡಹುವುದು ಅಲ್ಲಿ ಟಿಕೆಟ್ ಇಟ್ಟ ಆಟ. ಪ್ರಾಣಿದಯೆಯವರು ಬೈಯುತ್ತಲೇ ಇರುತ್ತಾರೆ, ಆಟ ಸಾಗುತ್ತಲೇ ಇದೆ. ನಮ್ಮ ಮೈಲಾಪುರಕ್ಕೆ ಟಿಕೆಟ್ ಇಲ್ಲ, ಗ್ಯಾಲರಿಯೂ ಇಲ್ಲ. ಬಂದವರೆಲ್ಲ ಭಂಡಾರದೊಳಗೇ ಇರಬೇಕು. ಈ ಜಾತ್ರೆಯ ದೊಡ್ಡ ಗುಣ ಅದು, ಅಪಾಯವೂ ಅದೇ.

ಸುರಪುರದ ವೇಣುಗೋಪಾಲಸ್ವಾಮಿಯ ಹಾಲೋಕುಳಿಯಲ್ಲಿ ಇದೇ ಗುಣ ಅಪಾಯವಿಲ್ಲದೆ ಸಿಗುತ್ತದೆ ಎನ್ನಲಾರೆ, ಕೆಳಗೆ ಬಿದ್ದವರಿಗೆ ನೋವು ಇದ್ದದ್ದೇ. ಗೋಕುಲಾಷ್ಟಮಿಯ ಹೊತ್ತಿಗೆ ಗುಡಿಯ ಮುಂದೆ ಎತ್ತರದ ಕಂಬಗಳು ನಿಲ್ಲುತ್ತವೆ. ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಏರುತ್ತಾರೆ, ನೀರು ಬೀಳುತ್ತಲೇ ಇರುತ್ತದೆ. ಅರ್ಧ ಏರಿದವನು ಎರಡು ಮೊಣಕಾಲಿನಿಂದ ಕಂಬವನ್ನು ಅವುಚಿ ಹಿಡಿದು, ಕಣ್ಣಿಗಿಳಿದ ನೀರನ್ನು ಭುಜಕ್ಕೆ ಒರೆಸಿಕೊಳ್ಳಲು ಹೋಗಿ ಸರ್ರನೆ ಜಾರುತ್ತಾನೆ. ಸುತ್ತಲಿನ ಮಾಳಿಗೆಗಳಿಂದ ನಗು, ಸಿಳ್ಳೆ. ಬೇಡ ನಾಯಕರ ಈ ಸಂಸ್ಥಾನ 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕನನ್ನೂ ಗದ್ದುಗೆಯನ್ನೂ ಕಳೆದುಕೊಂಡಿತು. ಹಾಲೋಕುಳಿ ಉಳಿಯಿತು. ಅರಮನೆಯವರು ಇಂದಿಗೂ ಬರುತ್ತಾರೆ, ಆದರೆ ಕಂಬಕ್ಕೆ ಬೇಕಾದದ್ದು ಊರ ಹುಡುಗರ ಹೆಗಲು.

ಬಂದವರನ್ನೆಲ್ಲ ಒಳಗೆ ಸೇರಿಸಿಕೊಳ್ಳುವ ಗುಣ ಈ ಭಾಗದ ಬೇರೆ ಕಡೆಯೂ ಇದೆ. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಪೀರರ ಹೆಸರಿನಲ್ಲೇ ಜೈಕಾರ ಹಾಕುತ್ತಾರೆ. ಶಹಾಪುರದ ಹತ್ತಿರ ಗೋಗಿಯ ದರ್ಗಾ ಇದೆ. ಬಿಜಾಪುರದ ಮೊದಲ ಆದಿಲಶಾಹಿಗಳು ಮಣ್ಣಾದದ್ದು ಅಲ್ಲೇ. ಇವೆರಡರ ಬಗ್ಗೆ ‘ಭಾವೈಕ್ಯ’ ಎಂಬ ಪದವನ್ನು ಎಷ್ಟು ಸವೆಸಿದ್ದೇವೆಂದರೆ ಅದನ್ನು ನಾನು ಇಲ್ಲಿ ಬಳಸಲಾರೆ.

ಜನರ ಈ ಜಾತ್ರೆಗಳ ಪಕ್ಕದಲ್ಲಿ ಸರ್ಕಾರಿ ಉತ್ಸವವನ್ನು ಇಟ್ಟು ನೋಡಿ. ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾದದ್ದು 2019ರಲ್ಲಿ. ಸೆಪ್ಟೆಂಬರ್ 17ರ ಉತ್ಸವಕ್ಕೂ ಅದೇ ಹೆಸರು ಬಂತು. ಧ್ವಜ, ಭಾಷಣ, ಸನ್ಮಾನ, ಮಕ್ಕಳ ನೃತ್ಯ. ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ದಿನಕ್ಕೆ ಇಷ್ಟು ಗೌರವ ಬೇಕೇಬೇಕು. ಆದರೆ ಕಲೆಯ ವಿಷಯಕ್ಕೆ ಬಂದರೆ ವೇದಿಕೆ ಎಲ್ಲವನ್ನೂ ಹತ್ತು ನಿಮಿಷದ ತುಣುಕಾಗಿಸುತ್ತದೆ. ಡೊಳ್ಳಿನವರು ಅತಿಥಿಗಳ ಮೆರವಣಿಗೆಯ ಮುಂದೆ ಬಾರಿಸಿ ವೇದಿಕೆ ಮುಟ್ಟುತ್ತಲೇ ಬದಿಗೆ ಸರಿಯಬೇಕು. ಮುಂದಿನ ಸಾಲಿನ ಸೋಫಾದಲ್ಲಿ ಯಾರಿಗೂ ಭಂಡಾರ ತಾಗುವುದಿಲ್ಲ. ರಾತ್ರಿ ಊರಿಗೆ ಮರಳಿದವನಿಗೆ ‘ಏನ್ ಮಾಡಿದ್ಯೋ?’ ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಏನು ನೋಡಿದೆ ಎಂದಷ್ಟೇ ಹೇಳಿಯಾನು. ಯಾದಗಿರಿ ಜಿಲ್ಲೆಯಾದ 2009ರಿಂದ ಈಚೆಗೆ ಇಂಥ ವೇದಿಕೆಗಳು ಹೆಚ್ಚಿವೆ. ಇವುಗಳಲ್ಲಿ ಒಂದಾದರೂ ಹಾಲೋಕುಳಿಯ ಜಾರುವ ಕಂಬಕ್ಕೆ ಸಮವಾಯಿತೆಂದು ನನಗೆ ಅನ್ನಿಸಿಲ್ಲ.

ಮತ್ತೆ ಮರಿಯ ಮಾತು. ಮೈಲಾಪುರದಲ್ಲಿ ಪೊಲೀಸರ ದೊಡ್ಡಿಯ ಬದಲು, ಹೊನ್ನಕೆರೆಯ ದಾರಿಯಲ್ಲೇ ಒಂದು ಹಂದರ ಹಾಕಲಿ. ಅಲ್ಲಿ ಪೂಜಾರಿ ಇರಲಿ, ಭಂಡಾರದ ಬುಟ್ಟಿ ಇರಲಿ, ಪಲ್ಲಕ್ಕಿ ಅದರ ಮುಂದೆ ಎರಡು ನಿಮಿಷ ನಿಲ್ಲಲಿ. ಮರಿಯನ್ನು ಪೂಜಾರಿಯ ಕೈಗೆ ಕೊಟ್ಟು ಹಣೆ ಮುಟ್ಟಿಸಿಕೊಂಡು ಹೋಗುವ ಅವಕಾಶ ಹರಕೆಯವನಿಗೆ ಸಿಗಲಿ. ಬಂದ ಮರಿಗಳನ್ನು ಕಟುಕರಿಗೆ ಹರಾಜು ಕೂಗದೆ, ಕುರಿ ಕಳೆದುಕೊಂಡ ಬಡ ಮನೆಗಳಿಗೆ ಮಲ್ಲಯ್ಯನ ಹೆಸರಲ್ಲಿ ಸಾಕಲು ಕೊಡಲಿ. ಹೊಸ ಕಾನೂನೇನೂ ಬೇಕಿಲ್ಲ, ಮುಂದಿನ ಸಂಕ್ರಮಣಕ್ಕೇ ಮಾಡಬಹುದು.