ನಾಲ್ಕಿಂಚಿನ ಚೆಲುವು

ಬೇಟೆಗತ್ತಿ ಅಂದರೆ ಮೊಳದುದ್ದದ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲು ಎಂದು ಸಿನಿಮಾಗಳು ನಮ್ಮನ್ನು ನಂಬಿಸಿವೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನವೆಂಬರ್ 15ರ ನಸುಕಿಗೆ ಕಾಡಿಗೆ ಹೊರಡುವ ಹಳೆಯ ಬೇಟೆಗಾರನ ಸೊಂಟ ನೋಡಿದರೆ ನಿರಾಸೆಯಾದೀತು. ಅಲ್ಲಿ ತೂಗುತ್ತಿರುವುದು ಮೂರೂವರೆ, ಹೆಚ್ಚೆಂದರೆ ನಾಲ್ಕು ಇಂಚಿನ ಅಲಗು. ಬಂದೂಕಿನಿಂದ ಜಿಂಕೆ ಹೊಡೆಯಲು ಅಂದಿನಿಂದ ತಿಂಗಳ ಕೊನೆಯವರೆಗೆ ಪರವಾನಗಿ. ಎಷ್ಟೋ ಊರುಗಳಲ್ಲಿ ಮೊದಲ ದಿನ ಶಾಲೆಗೂ ರಜೆ. ಗುಂಡಿನ ಕೆಲಸ ಒಂದು ಕ್ಷಣದ್ದು. ಆಮೇಲಿನದೆಲ್ಲ ಕತ್ತಿಯ ಪಾಲು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಈ ಮಾತಿಗೆ ಜಾಗವಿಲ್ಲ, ಬೇಟೆ ಸರಿಯೋ ತಪ್ಪೋ ಎಂಬ ಜಗಳಕ್ಕೂ ನಾನು ಇಳಿಯುವವನಲ್ಲ. ನನ್ನ ಕಣ್ಣು ಆ ಕತ್ತಿಯ ಮೇಲಿದೆ.

ಅಲಗು ಇಷ್ಟು ಗಿಡ್ಡವೇಕೆ ಎಂಬುದಕ್ಕೆ ಉತ್ತರ ಜಿಂಕೆಯ ಹೊಟ್ಟೆಯಲ್ಲಿದೆ. ಬಿದ್ದ ಪ್ರಾಣಿಯನ್ನು ಅಂಗಾತ ಮಲಗಿಸಿ, ಎದೆಯೆಲುಬಿನ ಕೆಳಗೆ ಚರ್ಮವನ್ನು ಸ್ವಲ್ಪವೇ ಸೀಳಿ, ಕತ್ತಿಯ ಬಾಯಿ ಮೇಲಕ್ಕಿರುವಂತೆ ಮೊನೆಯನ್ನು ಒಳಗೆ ತೂರಿಸುತ್ತಾರೆ. ಎಡಗೈಯ ಎರಡು ಬೆರಳು ಅಲಗಿನ ಅತ್ತಿತ್ತ ನಿಂತು ಕರುಳನ್ನು ಕೆಳಗೆ ಒತ್ತಿಹಿಡಿದಿರುತ್ತವೆ. ಮೊನೆ ಒಂದಿಷ್ಟು ಜಾರಿ ಜಠರಕ್ಕೆ ತಾಗಿತೋ, ಒಳಗಿನ ಹೊಲಸೆಲ್ಲ ಮಾಂಸಕ್ಕೆ ಹರಿದು ಒಂದು ಚಳಿಗಾಲದ ಊಟ ಕೆಡುತ್ತದೆ. ಕತ್ತಲ ಗೂಡಿನಂಥ ಆ ಜಾಗದಲ್ಲಿ ಕಣ್ಣು ಕೆಲಸ ಮಾಡುವುದಿಲ್ಲ, ಬೆರಳೇ ಕಾಣಬೇಕು. ಉದ್ದನೆಯ ಅಲಗಿನ ತುದಿ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ; ಗಿಡ್ಡ ಅಲಗಿನದು ತಿಳಿಯುತ್ತದೆ.

ಈ ಒಂದು ಕೆಲಸಕ್ಕಾಗಿಯೇ ಹುಟ್ಟಿದಂತಿರುವ ಆಕಾರವನ್ನು ಅಲ್ಲಿನವರು ಡ್ರಾಪ್ ಪಾಯಿಂಟ್ ಎನ್ನುತ್ತಾರೆ. ಅಲಗಿನ ಬೆನ್ನು ಹಿಡಿಯಿಂದ ನೆಟ್ಟಗೆ ಬಂದು, ಕೊನೆಯಲ್ಲಿ ಮೆಲ್ಲಗೆ ಬಾಗಿ ಮೊನೆಯನ್ನು ಬಾಯಿಯ ಕಡೆಗೆ ಇಳಿಸುತ್ತದೆ. ಕತ್ತಿಯನ್ನು ಬೋರಲು ಹಿಡಿದಾಗ ಅದೇ ಮೊನೆ ಕರುಳಿನಿಂದ ದೂರ, ಮೇಲೆ ಉಳಿಯುತ್ತದೆ. ಕೆಳಗಿನ ಬಾಯಿ ಮಾತ್ರ ತುಂಬು ಬಾಗು. ಚರ್ಮ ಸುಲಿಯುವಾಗ ಆ ಬಾಗೇ ಸರ್ರನೆ ಸಾಗುವುದು. ಈ ಗೆರೆಯನ್ನು ಬೇಟೆಗಾರರ ಮನೆಮಾತು ಮಾಡಿದವನು ಬಾಬ್ ಲವ್‌ಲೆಸ್ (1929–2010). 1950ರ ದಶಕದಲ್ಲಿ ಎಣ್ಣೆ ಹಡಗಿನ ನಾವಿಕನಾಗಿದ್ದವನು ನ್ಯೂಯಾರ್ಕಿನ ಅಂಗಡಿಯಲ್ಲಿ ರ‍್ಯಾಂಡಲ್ ಕತ್ತಿ ಕೇಳಿದ. ತಿಂಗಳುಗಟ್ಟಲೆ ಕಾಯಬೇಕು ಎಂದರು. ಸಿಟ್ಟಿಗೆದ್ದು ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ತಂದು, ಹಡಗಿನ ಅಡುಗೆಮನೆಯ ಒಲೆಯಲ್ಲೇ ಕಾಯಿಸಿ ತನ್ನ ಕತ್ತಿಯನ್ನು ತಾನೇ ಮಾಡಿಕೊಂಡ. ಇವತ್ತು ಅವನ ಕತ್ತಿಗಳು ಸಾವಿರಾರು ಡಾಲರಿಗೆ ಹರಾಜಾಗುತ್ತವೆ. ಕೊಂಡವರಲ್ಲಿ ಎಷ್ಟು ಮಂದಿ ಅವುಗಳಿಂದ ಒಂದು ಜಿಂಕೆಯನ್ನಾದರೂ ಸುಲಿದಾರು! ಗಾಜಿನ ಪೆಟ್ಟಿಗೆಯಲ್ಲಿಟ್ಟ ಬೇಟೆಗತ್ತಿ ನನಗೆ ಒಗ್ಗದ ನೋಟ.

ಆ ರ‍್ಯಾಂಡಲ್ ಕತ್ತಿಯ ಬೇರೂ ಮಿಷಿಗನ್ನಿನಲ್ಲೇ ಇದೆ. 1930ರ ದಶಕದಲ್ಲಿ, ಮುಂದೆ ಆ ಹೆಸರಿನ ಕತ್ತಿಗಳನ್ನು ಮಾಡಿದ ಬೋ ರ‍್ಯಾಂಡಲ್ ವಲೂನ್ ಸರೋವರದ ದಂಡೆಯಲ್ಲಿ ಯಾರೋ ಒಬ್ಬ ಕತ್ತಿಯಿಂದ ದೋಣಿಯ ಬಣ್ಣ ಕೆರೆಯುತ್ತಿದ್ದುದನ್ನು ಕಂಡ. ಅಷ್ಟು ಒರಟಾಗಿ ತಿಕ್ಕಿದರೂ ಕತ್ತಿಯ ಬಾಯಿ ಕೆಡಲಿಲ್ಲ. ಅದು ಬಿಲ್ ಸ್ಕೇಗಲ್‌ನ (1873–1963) ಕೈಕೆಲಸ. ಸ್ಕೇಗಲ್ ಹಿಡಿಗೆ ತೊಗಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ, ತುದಿಗೆ ಜಿಂಕೆಯ ಕೊಂಬು ಕೂರಿಸುತ್ತಿದ್ದ. ಅದೇ ರಾಜ್ಯದ ಗ್ಲ್ಯಾಡ್‌ಸ್ಟನ್‌ನಲ್ಲಿ ವೆಬ್‌ಸ್ಟರ್ ಮಾರ್ಬಲ್ ಎಂಬವನ ಕಾರ್ಖಾನೆಯೂ ತೊಗಲಬಿಲ್ಲೆಯ ಹಿಡಿಯನ್ನು ಊರೂರಿಗೆ ಮುಟ್ಟಿಸಿತು. ಒದ್ದೆಯಾದ, ಚಳಿಗೆ ಮರಗಟ್ಟಿದ ಕೈಯಲ್ಲೂ ತೊಗಲು ಜಾರುವುದಿಲ್ಲ, ಲೋಹದಂತೆ ಕೊರೆಯುವುದೂ ಇಲ್ಲ. ವರ್ಷಗಳು ಕಳೆದಂತೆ ಬೆವರು, ಕೊಬ್ಬು ಹೀರಿ ಹಳೆಯ ಹಲಸಿನ ತೊಲೆಯಂತೆ ಕಪ್ಪುಗೆಂಪಿಗೆ ತಿರುಗುತ್ತದೆ. ಹೊಸ ಕತ್ತಿಗೆ ಈ ಬಣ್ಣ ದುಡ್ಡು ಕೊಟ್ಟರೂ ಬರುವುದಿಲ್ಲ.

ಕೊಂಬಿನ ಮಾತು ಬಂತು. ಅಮೆರಿಕದ ಹಳೆಯ ಚಾಕುಗಳ ಹಿಡಿಯಲ್ಲಿ ನಮ್ಮ ಕಡವೆ ಕೂತಿದೆ. ಒಳಗೆ ಪೊಳ್ಳು ಕಡಿಮೆ, ಮೈ ಗಟ್ಟಿ, ಮೇಲೆ ಸುಂದರವಾದ ಗೀರುಗಳು. ಹೀಗಾಗಿ ಭಾರತದ ಕಡವೆ ಕೊಂಬು ದಶಕಗಳ ಕಾಲ ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಅಮೆರಿಕದ ಚಾಕುಗಾರರಿಗೆ ಹೋಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು. ಒಳ್ಳೆಯದೇ ಆಯಿತು. ಉದುರಿದ ಕೊಂಬು ಕಾಡಿನಲ್ಲೇ ಇದ್ದರೆ ಮುಳ್ಳುಹಂದಿಗೆ ಕಡಿಯಲಾದರೂ ಸಿಗುತ್ತದೆ.

ಉಕ್ಕಿನ ಆಯ್ಕೆಯಲ್ಲಿ ಬೇಟೆಗಾರರದು ಎರಡು ಪಂಗಡ. 1095 ಎಂಬ ಸಾದಾ ಕಾರ್ಬನ್ ಉಕ್ಕಿನಲ್ಲಿ ಇಂಗಾಲ ಶೇ. 0.95ರ ಆಸುಪಾಸು, ಕಲ್ಲಿಗೆ ಬೇಗ ಒಲಿಯುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಇನ್ನೊಂದು ಕಡೆ ಸ್ಟೇನ್‌ಲೆಸ್. ಅದರಲ್ಲಿ ಎಸ್30ವಿಯಂಥದಕ್ಕೆ ಸುಮಾರು ಶೇ. 4ರಷ್ಟು ವೆನೇಡಿಯಂ ಬೆರೆಸಿರುತ್ತಾರೆ. ಅದು ಇಂಗಾಲದೊಡನೆ ಕೂಡಿ ಗಟ್ಟಿ ಕಣಗಳಾಗಿ ಬಾಯಿಯನ್ನು ಕಾಯುತ್ತದೆ. ಇಲ್ಲೊಂದು ಸೋಜಿಗವಿದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮವರು ಮೂಸೆಯಲ್ಲಿ ಉಕ್ಕು ಕರಗಿಸುವುದನ್ನು ಬರೆದಿಟ್ಟಿದ್ದಾನೆ. ಅಂಥ ಉಕ್ಕಿನಿಂದ ಬಡಿದ ಕತ್ತಿಗಳ ಮೈಯ ಅಲೆಗೆರೆಗಳ ಗುಟ್ಟನ್ನು 1990ರ ದಶಕದಲ್ಲಿ ಬಿಡಿಸಿದವರಲ್ಲಿ ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಒಬ್ಬ. ಅವನೂ ಲೋಹವಿಜ್ಞಾನಿ ಜಾನ್ ವರ್‌ಹೋವನ್‌ರೂ ಬೆರಳು ಮಾಡಿದ್ದು ಅದಿರಿನಲ್ಲಿದ್ದ ಎಳ್ಳಷ್ಟು ವೆನೇಡಿಯಂ ಕಡೆಗೆ.

ನನ್ನ ಒಲವು ಕಾರ್ಬನ್ ಉಕ್ಕಿಗೆ. ಆದರೆ ಈಚೆಗೆ ಅದರ ವಿರುದ್ಧ ಒಂದು ಬಲವಾದ ವಾದ ಹುಟ್ಟಿದೆ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ, ಆಕಾರಗೆಟ್ಟ ಪ್ರೋಟೀನಾದ ಪ್ರಿಯಾನ್‌ನಿಂದ ಬರುವ ಮಿದುಳಿನ ರೋಗ 2015ರಲ್ಲಿ ಮಿಷಿಗನ್ನಿನ ಕಾಡುಜಿಂಕೆಗಳಲ್ಲೂ ಕಂಡಿತು. ಪ್ರಿಯಾನ್ ಕುದಿಸಿದರೂ ನಾಶವಾಗುವುದಿಲ್ಲ. ಮನೆಬಳಕೆಯ ಬ್ಲೀಚ್ ಎರಡು ಪಾಲು, ನೀರು ಮೂರು ಪಾಲು ಸೇರಿಸಿ ಐದು ನಿಮಿಷ ನೆನೆಸಿದರೆ ಸ್ಟೇನ್‌ಲೆಸ್ ಮೇಲ್ಮೈಯಲ್ಲಿ ಅದರ ಕಾಟ ಅಡಗುತ್ತದೆ ಎಂದು ಅಮೆರಿಕದ ಸರ್ಕಾರಿ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ಮಾಂಸದ ಚೂರು ಅಂಟಿಕೊಂಡಿದ್ದರೆ ಬ್ಲೀಚ್ ಅದರೊಳಕ್ಕೆ ಇಳಿಯುವುದಿಲ್ಲ, ಮೊದಲು ತಿಕ್ಕಿ ತೊಳೆಯಲೇಬೇಕು. ಕಾರ್ಬನ್ ಅಲಗನ್ನು ಆ ನೀರಿಗೆ ಇಳಿಸಿದರೆ ಕಣ್ಣೆದುರೇ ಕೆಂಪಾಗುತ್ತದೆ. ರುಚಿ ಒಂದು ಕಡೆ ಎಳೆದರೆ ವಿವೇಕ ಇನ್ನೊಂದು ಕಡೆ.

ಕತ್ತಿಯನ್ನು ಮಸೆದು ಅಣಿಗೊಳಿಸುವುದರಲ್ಲೇ ನಿಜವಾದ ಸುಖ. ಆರ್ಕನ್ಸಾದ ಹಾಟ್ ಸ್ಪ್ರಿಂಗ್ಸ್ ಸುತ್ತ ನೋವಾಕ್ಯುಲೈಟ್ ಎಂಬ ನುಣುಪಾದ ಕಲ್ಲು ಸಿಗುತ್ತದೆ. ಮೊದಲು ಮೆದು ಜಾತಿಯದು, ಕೊನೆಗೆ ಬೆಳಕು ತೂರುವಷ್ಟು ತಿಳಿಯಾದ ಗಟ್ಟಿ ಜಾತಿಯದು. ನಾಲ್ಕು ಹನಿ ಎಣ್ಣೆ ಬಿಟ್ಟು, ಅಲಗನ್ನು 20 ಡಿಗ್ರಿಯಷ್ಟು ಓರೆ ಹಿಡಿದು, ಕಲ್ಲಿನಿಂದ ತೆಳು ಪದರ ಎತ್ತುವಂತೆ ತಳ್ಳಬೇಕು. ಮೊದಮೊದಲು ಕರಕರ ಎನ್ನುವ ಸದ್ದು ತೆಳುವಾಗುತ್ತ ಬರುತ್ತದೆ. ಒಂದು ಮಗ್ಗುಲು ಮಸೆದಾಗ ಇನ್ನೊಂದು ಮಗ್ಗುಲಿಗೆ ಕೂದಲೆಳೆಯಂಥ ಅಂಚು ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣದು, ಹೆಬ್ಬೆರಳಿಗೆ ತಾಗುತ್ತದೆ. ಅದು ಮೊನೆಯವರೆಗೂ ಸಿಕ್ಕಿತೆಂದರೆ ಮಗ್ಗುಲು ಬದಲಿಸಬಹುದು. ಕಡೆಗೆ, ಹಿಂದೆ ಕ್ಷೌರದಂಗಡಿಯಲ್ಲಿ ತೂಗುತ್ತಿದ್ದಂಥ ತೊಗಲಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದರೆ ಆ ಅಂಚು ಉದುರಿ ಬಾಯಿ ಮಾತ್ರ ಉಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಕಾಡಿನಲ್ಲಿ ರೋಮದ ಮೇಲಿಂದ ಕೊಯ್ದರೆ ವ್ಯರ್ಥ. ಜಿಂಕೆಯ ರೋಮದಲ್ಲಿ ಮಣ್ಣು, ಮರಳು ಸಿಕ್ಕಿರುತ್ತದೆ. ಚರ್ಮವನ್ನು ಒಳಗಿನಿಂದ ಹೊರಕ್ಕೆ ಸೀಳುವುದೇ ಬಲ್ಲವರ ರೀತಿ.

ಮೊದಲ ಸಲ ಕೊಳ್ಳುವವರು ಲವ್‌ಲೆಸ್, ಸ್ಕೇಗಲ್ ಹೆಸರಿಗೆ ಮರುಳಾಗಬೇಕಿಲ್ಲ. ಸ್ವೀಡನ್ನಿನ ಮೋರಾ ಊರಿನ ಅಗ್ಗದ ಸ್ಟೇನ್‌ಲೆಸ್ ಕತ್ತಿಯೊಂದು, ಒಂದು ಒಳ್ಳೆಯ ಕಲ್ಲು ಸಾಕು. ದುಡ್ಡನ್ನು ಕತ್ತಿಗಿಂತ ಕಲ್ಲಿಗೆ ಹಾಕಿ. ಹಂಗಾಮು ಮುಗಿದ ಮೇಲೆ ತೊಳೆದು, ಒರೆಸಿ, ಎಣ್ಣೆ ಸವರಿ ಇಡಿ. ತೊಗಲಿನ ಒರೆಯಲ್ಲಿ ಮಾತ್ರ ಇಡಬೇಡಿ, ಅದು ಪಸೆ ಹಿಡಿದಿಟ್ಟು ಅಲಗನ್ನು ತಿನ್ನುತ್ತದೆ.