ಅಕ್ಕಡಿ ಸಾಲಿನ ಫುಟ್‌ಬಾಲ್

ಹೊಸೂರಿನ ಪಕ್ಕದ ಸಾನಮಾವಿನ ಆ ಮೈದಾನಕ್ಕೆ ಹೆಸರಿಲ್ಲ. ಸಂಕ್ರಾಂತಿಯ ಹೊತ್ತಿಗೆ ರಾಗಿ ಕೊಯ್ಲು ಮುಗಿದು ಹುಲ್ಲು ಮೆದೆ ಸೇರಿದ ಮೇಲೆ ಅದು ಮೈದಾನ. ಮುಂಗಾರಿನ ಮೊದಲ ಹದಮಳೆ ಬಿದ್ದ ಮರುದಿನ ಮತ್ತೆ ಹೊಲ. ನಡುವಿನ ನಾಲ್ಕೈದು ತಿಂಗಳು ಹುಡುಗರು ಕೂಳೆ ತುಳಿದು ತುಳಿದು ನೆಲವನ್ನು ಮಟ್ಟ ಮಾಡುತ್ತಾರೆ. ಗೋಲಿನ ಕಂಬಗಳು ನೀಲಗಿರಿ ಗಳು. ಬಲೆ ಮಾತ್ರ ಹೊಸೂರಿನ ಮಣ್ಣಿಗೆ ಒಪ್ಪುವಂಥದ್ದು: ಗುಲಾಬಿ ಬೆಳೆಯುವ ಪಾಲಿಹೌಸ್‌ನವರು ಹರಿದಿದೆಯೆಂದು ಬಿಸುಟ ಹಸಿರು ನೆರಳುಬಲೆ. ಚೆಂಡು ಅದಕ್ಕೆ ಬಡಿದರೆ ಸದ್ದೇ ಬರುವುದಿಲ್ಲ. ನಲವತ್ತು ವರ್ಷದಿಂದ ಫುಟ್‌ಬಾಲ್ ನೋಡುತ್ತಿದ್ದೇನೆ, ಇಷ್ಟು ಮೌನವಾದ ಗೋಲು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಆಟ ಮೂರಕ್ಕೆ ಶುರುವಾಗಿ ಐದೂವರೆಯೊಳಗೆ ಮುಗಿಯಲೇಬೇಕು. ಚಳಿಗಾಲ ಬಂತೆಂದರೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡುಗಳನ್ನು ದಾಟಿ ಆನೆ ಹಿಂಡು ಬಂದು ಸಾನಮಾವು ಕಾಡಿನಲ್ಲಿ ಬೀಡುಬಿಡುತ್ತದೆ. ಕತ್ತಲಾದರೆ ರಾಯಕೋಟೆ ರಸ್ತೆ ಅವುಗಳದ್ದು, ರಾಗಿ ಹೊಲವೂ ಅವುಗಳದ್ದೇ. ಹೀಗಾಗಿ ಹೊನಲು ಬೆಳಕು ಹಾಕಿ ರಾತ್ರಿ ಪಂದ್ಯ ಆಡಿಸಿ ಟಿಕೆಟ್ ಮಾರುವ ಯೋಚನೆಯನ್ನು ಸಾನಮಾವಿನವರು ಹುಟ್ಟುವ ಮೊದಲೇ ಕೈಬಿಟ್ಟಿದ್ದಾರೆ.

ಹೊಲದ ಯಜಮಾನರನ್ನು ಕೇಳಿದೆ, ಹುಡುಗರಿಂದ ಬಾಡಿಗೆ ಏನಾದರೂ ತಗೋತೀರಾ ಎಂದು. ನಕ್ಕರು. "ಆಟಕ್ಕೆ ಎಂಥ ಬಾಡಿಗೆ ಸ್ವಾಮಿ? ರಾತ್ರಿ ಕುರಿಮಂದೆ ನಿಲ್ಲಿಸ್ತೀನಲ್ಲ, ಹೊಲಕ್ಕೆ ಗೊಬ್ಬರ ಬಿತ್ತು. ಹಗಲು ಹುಡುಗರು, ರಾತ್ರಿ ಕುರಿ. ಖಾಲಿ ಬಿಟ್ಟರೆ ನಷ್ಟ ನನಗೇ ಅಲ್ವಾ?"

ಈ ವಾರದ ಅಂಕಣಕ್ಕೆ ನಾನು ಹುಡುಕುತ್ತಿದ್ದ ಮಾತು ಅದೇ. ಹೊಸೂರಿನಲ್ಲಿ ಒಂದು ತಂಡ ನಡೆಸುವ ಗೆಳೆಯರೊಬ್ಬರು ತಿಂಗಳಿಂದ ನನ್ನ ಬೆನ್ನು ಬಿದ್ದಿದ್ದಾರೆ. ಸ್ವಂತದ್ದೊಂದು ಪುಟ್ಟ ಕ್ರೀಡಾಂಗಣ ಮಾಡಿಕೊಂಡರೆ ಕ್ಲಬ್ ತನ್ನ ಅನ್ನ ತಾನೇ ದುಡಿಯಬಹುದೇ ಎನ್ನುವುದು ಅವರ ಪ್ರಶ್ನೆ. ದುಡಿಯಬಹುದು. ಆದರೆ ಅವರು ಅಂದುಕೊಂಡಿರುವ ದಾರಿಯಲ್ಲಿ ಅಲ್ಲ.

ಅವರ ತಲೆಯಲ್ಲಿರುವುದು ಗೇಟಿನ ದುಡ್ಡು. ಬಾಯಿ ಲೆಕ್ಕ ಮಾಡೋಣ. ವರ್ಷಕ್ಕೆ 15 ತವರು ಪಂದ್ಯ, ಪ್ರತಿಯೊಂದಕ್ಕೂ 500 ಜನ, ತಲೆಗೆ 50 ರೂಪಾಯಿ. ಒಟ್ಟು 3 ಲಕ್ಷದ 75 ಸಾವಿರ. ಹೊರನೋಟಕ್ಕೆ ಪರವಾಗಿಲ್ಲ ಅನ್ನಿಸುತ್ತದೆ. ರೆಫರಿಗಳ ಭತ್ಯೆ, ಆಂಬುಲೆನ್ಸ್, ಗೇಟಿನ ಹುಡುಗರ ಕೂಲಿ, ಪೆಂಡಾಲು, ಮೈಕು ಕಳೆಯಿರಿ. ಉಳಿದದ್ದರಲ್ಲಿ ಆಟಗಾರರಿಗೆ ಬೂಟು ಬಂದರೆ ಪುಣ್ಯ. ಸ್ಥಳೀಯ ಪಂದ್ಯಕ್ಕೆ 50 ರೂಪಾಯಿ ಕೊಟ್ಟು 500 ಜನ ಬರುತ್ತಾರೆನ್ನುವುದೂ ಧಾರಾಳದ ಎಣಿಕೆಯೇ.

ಈಗ ಅದೇ ಜಾಗವನ್ನು ಬೇರೆ ಕಣ್ಣಿನಿಂದ ನೋಡಿ. ದಿನಕ್ಕೆ 5 ಗಂಟೆ, ವರ್ಷಕ್ಕೆ 300 ದಿನ, ಗಂಟೆಗೆ 800 ರೂಪಾಯಿಯಂತೆ ಬಾಡಿಗೆಗೆ ಬಿಟ್ಟರೆ 12 ಲಕ್ಷ. ಪೂರ್ತಿ ಅಂಗಣಕ್ಕೆ ಅಡ್ಡಗೆರೆ ಎಳೆದು ಎರಡು ಮೂರು ಪುಟ್ಟ ಅಂಗಣ ಮಾಡಿದರೆ ಇನ್ನೂ ಹೆಚ್ಚು. ಪಂದ್ಯದ ದಿನ ಬರುವುದಕ್ಕಿಂತ ಪಂದ್ಯ ಇಲ್ಲದ ದಿನಗಳಲ್ಲಿ ಬರುವುದು ಮೂರು ಪಟ್ಟು.

ನಮ್ಮ ಕಡೆಯ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಸೂರು, ಆನೇಕಲ್ಲು, ಕೋಲಾರದ ಒಣಬೇಸಾಯದಲ್ಲಿ ರಾಗಿಯನ್ನು ಒಂಟಿಯಾಗಿ ಬಿತ್ತುವವರು ಹಿಂದೆ ಇರಲಿಲ್ಲ. ಹತ್ತಾರು ಸಾಲಿಗೊಂದು ಅಕ್ಕಡಿ ಸಾಲು ಬಿಡುತ್ತಿದ್ದರು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳ. ಹೊಲದ ಹೆಸರು ರಾಗಿ ಹೊಲವೇ. ಆದರೆ ಮಳೆ ಕೈಕೊಟ್ಟ ವರ್ಷ ಮನೆಯ ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆ ಕೊಟ್ಟು ಕಾಪಾಡುತ್ತಿದ್ದದ್ದು ಅಕ್ಕಡಿ. ಸಣ್ಣ ಕ್ಲಬ್ಬಿನ ಕ್ರೀಡಾಂಗಣದಲ್ಲೂ ಭಾನುವಾರದ ಪಂದ್ಯ ರಾಗಿ; ಉಳಿದದ್ದೆಲ್ಲ ಅಕ್ಕಡಿ.

ಇಂಗ್ಲೆಂಡಿನ ಮೇಡ್‌ಸ್ಟನ್ ಯುನೈಟೆಡ್ ಕತೆ ನನಗೆ ಬಲು ಇಷ್ಟ. 1989ರಲ್ಲಿ ಲೀಗಿನ ನಾಲ್ಕನೇ ದರ್ಜೆಗೆ ಏರಿದ ಕ್ಲಬ್ಬದು. ಅಷ್ಟರಲ್ಲಾಗಲೇ ಸ್ವಂತ ಮೈದಾನ ಮಾರಿಕೊಂಡು ಪಕ್ಕದ ಊರಿನವರ ಮೈದಾನದಲ್ಲಿ ಬಾಡಿಗೆಗೆ ಆಡುತ್ತಿತ್ತು. 1992ರಲ್ಲಿ ದಿವಾಳಿಯೆದ್ದು ಮುಳುಗಿತು. ಹೊಸದಾಗಿ ಕೆಳಗಿನಿಂದ ಹತ್ತಿ ಬಂದು, ತನ್ನೂರಿನಲ್ಲಿ ಸ್ವಂತ ಕ್ರೀಡಾಂಗಣ ಕಟ್ಟಿಕೊಳ್ಳಲು 2012ರವರೆಗೆ ಕಾಯಬೇಕಾಯಿತು. ಆಗ ಅವರು ಮಾಡಿದ ಜಾಣತನ ಏನೆಂದರೆ, ಹುಲ್ಲು ಬೆಳೆಸದೆ ಕೃತಕ ಹಾಸು ಹಾಸಿದ್ದು. ಹುಲ್ಲು ವಾರಕ್ಕೆ ಕೆಲವೇ ಗಂಟೆ ತುಳಿತ ತಡೆದೀತು. ಆಮೇಲೆ ಅದಕ್ಕೂ ಉಸಿರಾಡಲು ಬಿಡುವು ಬೇಕು. ಕೃತಕ ಹಾಸು ಬೆಳಗಿನಿಂದ ರಾತ್ರಿವರೆಗೆ ತುಳಿಸಿಕೊಳ್ಳುತ್ತದೆ. ಶಾಲೆ ಮಕ್ಕಳು, ಕ್ಲಬ್ಬಿನದೇ ಎಳೆಯರ ತಂಡಗಳು, ಆಫೀಸು ಮುಗಿಸಿ ಬರುವವರು ಎಲ್ಲ ಸೇರಿ ವಾರವಿಡೀ ಅಲ್ಲಿ ಆಡಿದರು. ಆರನೇ ದರ್ಜೆಯಲ್ಲಿದ್ದ ಅದೇ ಕ್ಲಬ್ 2024ರ ಜನವರಿ 27ರಂದು ಎಫ್‌ಎ ಕಪ್‌ನಲ್ಲಿ ಎರಡನೇ ದರ್ಜೆಯ ಇಪ್ಸ್‌ವಿಚ್ ಟೌನನ್ನು ಅದರ ಮನೆಯಲ್ಲೇ 2-1ರಿಂದ ಕೆಡವಿತು.

ಈ ಕತೆಗೆ ಒಂದು ಮುಳ್ಳೂ ಇದೆ. ಇಂಗ್ಲೆಂಡಿನ ಮೇಲಿನ ನಾಲ್ಕು ದರ್ಜೆಗಳಲ್ಲಿ ಕೃತಕ ಹಾಸಿಗೆ ಅನುಮತಿಯಿಲ್ಲ. 2020ರಲ್ಲಿ ಹ್ಯಾರೊಗೇಟ್ ಟೌನ್, 2021ರಲ್ಲಿ ಸಟನ್ ಯುನೈಟೆಡ್ ಬಡ್ತಿ ಪಡೆದಾಗ, ಅನ್ನ ಕೊಡುತ್ತಿದ್ದ ಹಾಸನ್ನು ತಾವೇ ಕಿತ್ತು ಹುಲ್ಲು ಹಾಕಬೇಕಾಯಿತು. ಗೆದ್ದ ತಪ್ಪಿಗೆ ದಂಡ!

ನಮ್ಮ ಕಡೆಯ ಟರ್ಫ್ ಮಾಲೀಕರು ಮರೆಯುವ ಮಾತೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾಸು ಎಂಟು ಹತ್ತು ವರ್ಷಕ್ಕೆ ಸವೆದು ಬೋಳಾಗುತ್ತದೆ. ಬಂದ 12 ಲಕ್ಷದಲ್ಲಿ ಒಂದು ಪಾಲನ್ನು ಮೊದಲ ವರ್ಷದಿಂದಲೇ ಪಕ್ಕಕ್ಕೆ ಎತ್ತಿಡದಿದ್ದರೆ, ಹತ್ತನೇ ವರ್ಷ ಲಾಭವೆಂದು ಉಂಡದ್ದೆಲ್ಲ ಬೀಜದ ರಾಗಿಯಾಗಿತ್ತೆಂದು ಗೊತ್ತಾಗುತ್ತದೆ.

ಇಷ್ಟಾದರೂ ನಮ್ಮ ನಾಡಿನಲ್ಲಿ ಇದೇಕೆ ಆಗುತ್ತಿಲ್ಲ? ಬೆಂಗಳೂರಿನ ಚರಿತ್ರೆ ನೋಡಿ. 1937ರಲ್ಲಿ ರೋವರ್ಸ್ ಕಪ್ ಗೆದ್ದು, ಮರುವರ್ಷವೂ ಉಳಿಸಿಕೊಂಡದ್ದು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದದ್ದು ನಮ್ಮ ಸಾರಂಗಪಾಣಿ ರಾಮನ್. ಮೈಸೂರು ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಎತ್ತಿತು. ಗೌತಮಪುರ, ಆಸ್ಟಿನ್ ಟೌನ್‌ಗಳ ಓಣಿಗಳಿಂದ ಆಟಗಾರರು ಹೊರಟು ಬಂದರು; ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಅವರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಅಷ್ಟೊಂದು ಕ್ಲಬ್‌ಗಳಲ್ಲಿ ಸ್ವಂತ ಗೇಟಿಗೆ ಸ್ವಂತ ಬೀಗ ಹಾಕಿಕೊಂಡವು ಎಷ್ಟು? ಎಲ್ಲರೂ ಸೇರಿ ಆಡುವುದು ಅಶೋಕನಗರದ ಒಂದೇ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಅದು ರಾಜ್ಯ ಸಂಸ್ಥೆಯದು. ಹಣವಂತರ ಕೂಸಾದ ಬೆಂಗಳೂರು ಎಫ್‌ಸಿಗೂ ಇದೇ ಪಾಡು. ಹುಟ್ಟಿದ ವರ್ಷವೇ, 2013-14ರಲ್ಲಿ, ಅಶೋಕನಗರದಲ್ಲಿ ಆಡಿ ಐ-ಲೀಗ್ ಗೆದ್ದಿತು. ಆಮೇಲೆ ಕಂಠೀರವಕ್ಕೆ ಹೋಯಿತು. ಅದು ಸರ್ಕಾರದ್ದು, ಮೂಲತಃ ಓಟಗಾರರದ್ದು. ಅಭ್ಯಾಸಕ್ಕೆ ಅಡ್ಡಿಯಾಗುತ್ತದೆಂದು ಅಥ್ಲೆಟಿಕ್ಸ್‌ನವರು ಹೈಕೋರ್ಟಿಗೆ ಹೋದರು. ಅವರದ್ದೂ ತಪ್ಪಲ್ಲ. ನನ್ನ ಮಟ್ಟಿಗೆ, ಗ್ಯಾಲರಿಗೂ ಅಂಗಣಕ್ಕೂ ನಡುವೆ ಓಟದ ಪಥ ಬಂದರೆ ಅದು ಫುಟ್‌ಬಾಲ್ ನೋಡುವ ಜಾಗವೇ ಅಲ್ಲ. ಪಕ್ಕದ ಮನೆಯ ಟಿವಿಯನ್ನು ಕಿಟಕಿಯಿಂದ ನೋಡಿದ ಹಾಗೆ.

ಹಾಗಾಗಿ ಹೊಸೂರಿನ ಗೆಳೆಯರಿಗೆ ನಾನು ಹಾಕಿದ ಮೊದಲ ಪ್ರಶ್ನೆ ದುಡ್ಡಿನದ್ದಲ್ಲ, ಬೀಗದ ಕೈ ಯಾರ ಸೊಂಟದಲ್ಲಿರುತ್ತದೆ ಎನ್ನುವುದು. ಪಂದ್ಯದ ದಿನಕ್ಕೆ ಮಾತ್ರ ಜಾಗ ಸಿಗುವುದಾದರೆ ಅಕ್ಕಡಿ ಬಿತ್ತುವುದೆಲ್ಲಿ? ಕೊಳ್ಳಲು ಶಕ್ತಿಯಿಲ್ಲ ಎನ್ನುವುದು ನಿಜ. ಹೊಸೂರಿನ ಭೂಮಿಯ ಬೆಲೆ ಬೆಂಗಳೂರಿನ ಬೆನ್ನಿಗೇ ಓಡುತ್ತಿದೆ. ಆದರೆ ಹದಿನೈದು ಇಪ್ಪತ್ತು ವರ್ಷದ ನೋಂದಾಯಿತ ಗುತ್ತಿಗೆಯಾದರೂ ಕೈಯಲ್ಲಿರಬೇಕು. ವರ್ಷ ವರ್ಷ ಯಾರದ್ದೋ ಮರ್ಜಿಗೆ ನವೀಕರಣವಾಗುವ ಕರಾರಿನ ಮೇಲೆ ಒಂದು ಶೌಚಾಲಯವನ್ನೂ ಕಟ್ಟಬೇಡಿ ಎಂದೆ.

ಬೀಗದ ಕೈ ಸಿಕ್ಕಿದ ಮೇಲೆ ಏನೇನು ಬೆಳೆಯಬಹುದು ಎನ್ನುವುದಕ್ಕೆ ಲೋಕದಲ್ಲಿ ತಮಾಷೆಯ ಉದಾಹರಣೆಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಕ್ಲಬ್ಬಿನ ಕ್ರೀಡಾಂಗಣದ ಕಟ್ಟಡದಲ್ಲಿ ಅಂಗಡಿ ಸಂಕೀರ್ಣವಿದೆ, ವೃದ್ಧರ ವಸತಿಯೂ ಇದೆ. ಹ್ಯಾಂಬರ್ಗಿನ ಸೇಂಟ್ ಪೌಲಿ ಗ್ಯಾಲರಿಯ ಮೂಲೆಯಲ್ಲಿ ಶಿಶುವಿಹಾರ ನಡೆಯುತ್ತದೆ. ಬರ್ಲಿನ್ನಿನ ಯೂನಿಯನ್ ಕ್ಲಬ್ಬಿನ ಹಳೆಯ ಗ್ಯಾಲರಿ ಕುಸಿಯುವಂತಾದಾಗ, 2008ರಿಂದ ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಒಟ್ಟು 1,40,000 ಗಂಟೆ ಬಿಟ್ಟಿ ದುಡಿದು ಅದನ್ನು ಕಟ್ಟಿ ನಿಲ್ಲಿಸಿದರು. ನಮ್ಮಲ್ಲಿ ಊರಿಗೆ ಊರೇ ಸೇರಿ ಗುಡಿಗೆ ಗಾರೆ ಹೊರುವುದಿಲ್ಲವೇ, ಹಾಗೆ. 2014ರ ವಿಶ್ವಕಪ್ ವೇಳೆಗೆ ಅದೇ ಜನ ಮನೆಯ ಸೋಫಾಗಳನ್ನು ಹೊತ್ತು ತಂದು ಅಂಗಣದಲ್ಲಿ ಹಾಕಿಕೊಂಡು ದೊಡ್ಡ ಪರದೆಯಲ್ಲಿ ಪಂದ್ಯ ನೋಡಿದರು. ಅಲ್ಲಿನ ಕ್ರಿಸ್‌ಮಸ್ ಹಾಡಿನ ಸಂಜೆ 2003ರಲ್ಲಿ ಶುರುವಾದಾಗ ಇದ್ದದ್ದು 89 ಮಂದಿ. ಈಗ ಗ್ಯಾಲರಿ ತುಂಬುತ್ತದೆ. ನಮ್ಮಲ್ಲಿ ಊರಿಗೆ ಊರೇ ಸೇರಿ ಗುಡಿಗೆ ಗಾರೆ ಹೊರುವುದಿಲ್ಲವೇ, ಹಾಗೆ. ದೂರವೇಕೆ, ಚಿನ್ನಸ್ವಾಮಿ ಕ್ರೀಡಾಂಗಣದ ಚಾವಣಿಯ ಮೇಲೆ 2015ರಿಂದ 400 ಕಿಲೋವಾಟ್‌ನ ಸೌರಫಲಕಗಳು ಕೆಲಸ ಮಾಡುತ್ತಿವೆ. ಪುಟ್ಟ ಕ್ಲಬ್ಬಿನ ತಗಡಿನ ಸೂರಿಗೂ ನಾಲ್ಕು ಫಲಕ ಹಾಕಿ ದೀಪದ ಬಿಲ್ಲು ಇಳಿಸಬಹುದು.

ಗ್ಯಾಲರಿಯ ಕೆಳಗೆ ಅಂಗಡಿ ಕಟ್ಟಿ ಬಾಡಿಗೆ ತಿನ್ನುವುದು ನಮ್ಮವರಿಗೆ ಥಟ್ಟನೆ ಹೊಳೆಯುವ ಉಪಾಯ. ಕೋಯಿಕ್ಕೋಡು, ಕೊಚ್ಚಿಗಳಲ್ಲಿ ಹಾಗೇ ಇದೆ. ಆದರೆ ಕೊಚ್ಚಿಯಲ್ಲಿ 2017ರ 17 ವರ್ಷದೊಳಗಿನವರ ವಿಶ್ವಕಪ್ ಬಂದಾಗ ಭದ್ರತೆಗೆಂದು ಆ ಅಂಗಡಿಗಳನ್ನೆಲ್ಲ ಖಾಲಿ ಮಾಡಿಸಬೇಕಾಯಿತು, ವ್ಯಾಪಾರಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಂಗಡಿ ಬೇಡವೆನ್ನುವುದಿಲ್ಲ, ಅದರ ಬಾಗಿಲು ರಸ್ತೆಗಿರಲಿ, ಅಂಗಣದ ದಾರಿಗಲ್ಲ. ಮದುವೆ, ರಾಜಕೀಯ ಸಭೆಗಳಿಗೆ ಅಂಗಣ ಕೊಡುವುದಕ್ಕಂತೂ ನನ್ನ ಕಡು ವಿರೋಧವಿದೆ. ಒಂದು ರಾತ್ರಿಯ ಪೆಂಡಾಲಿನ ಗೂಟ ಒಂದು ತಿಂಗಳ ಆಟವನ್ನು ನುಂಗುತ್ತದೆ. ಅಕ್ಕಡಿಯಲ್ಲಿ ಬಿತ್ತುವುದು ರಾಗಿಯನ್ನು ಸಾಯಿಸದ ಬೆಳೆಯನ್ನು.

ಕಟ್ಟಡವೇ ಇಲ್ಲದೆ ದುಡಿಯುವುದು ಹೇಗೆಂದು ನೋಡಬೇಕಾದರೆ ಮಲಪ್ಪುರಕ್ಕೆ, ಅಥವಾ ನಮ್ಮ ಕಾಸರಗೋಡಿನ ತೃಕ್ಕರಿಪುರದ ಕಡೆಗೆ ಹೋಗಿ. ಅಲ್ಲಿನ ಸೆವೆನ್ಸ್ ಟೂರ್ನಿಗಳು ಗದ್ದೆ ಕೊಯ್ಲಿನ ಆಚೆಗೆ ಶುರುವಾಗುತ್ತವೆ. ಏಳೇಳು ಜನ, ಚಿಕ್ಕ ಅಂಗಣ, ಗಳು ಕಟ್ಟಿದ ತಾತ್ಕಾಲಿಕ ಗ್ಯಾಲರಿ, ಸಂಜೆಯಾದರೆ ದೀಪ, ದಿನಕ್ಕೊಂದು ಪಂದ್ಯ, ವಾರಗಟ್ಟಲೆ. ಅದು ಥೇಟ್ ಜಾತ್ರೆಯ ಅರ್ಥಶಾಸ್ತ್ರ. ಹೊಸೂರಿನ ಚಂದ್ರಚೂಡೇಶ್ವರನ ತೇರು ಎಳೆಯುವುದು ಒಂದು ದಿನ. ಕಡ್ಲೆಪುರಿ, ಬತ್ತಾಸು, ಬಳೆ ಅಂಗಡಿಗಳ ವ್ಯಾಪಾರ ಅದರ ಹಿಂದೂ ಮುಂದೂ. ಜನ ಮೈದಾನದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟು ಬೋಂಡ ಖರ್ಚಾಗುತ್ತದೆ. ನಮ್ಮ ಲೀಗಿನವರು ಮಧ್ಯಾಹ್ನ ಒಂದೇ ಪಂದ್ಯ ಆಡಿಸಿ ಕೈ ತೊಳೆದುಕೊಳ್ಳುವ ಬದಲು ಬೆಳಿಗ್ಗೆ ಮಕ್ಕಳದ್ದು, ಆಮೇಲೆ ಹುಡುಗಿಯರದ್ದು, ಕೊನೆಗೆ ದೊಡ್ಡವರದ್ದು ಎಂದು ಜೋಡಿಸಿದರೆ ಸಾಕು. ಪ್ರತಿ ಮಗುವಿನ ಹಿಂದೆ ಒಬ್ಬ ಅಪ್ಪ, ಒಬ್ಬ ಅಮ್ಮ, ಒಬ್ಬ ತಾತ ಬರುತ್ತಾರೆ. ತಾತನಿಗೆ ಕಾಫಿ ಬೇಕು, ಕೂರಲು ನೆರಳು ಬೇಕು.

ಜನ ಸೇರಿಸುವವರು ಒಂದು ಮಾತು ಮರೆಯಬಾರದು. 2022ರ ಮಾರ್ಚ್‌ನಲ್ಲಿ ಮಲಪ್ಪುರದ ಪೂಂಗೋಡಿನಲ್ಲಿ ಇಂಥದ್ದೇ ತಾತ್ಕಾಲಿಕ ಗ್ಯಾಲರಿ ಕುಸಿದು ಅನೇಕರು ಗಾಯಗೊಂಡರು. 2025ರ ಜೂನ್ 4ರಂದು ಚಿನ್ನಸ್ವಾಮಿಯ ಗೇಟುಗಳ ಹೊರಗಿನ ನೂಕುನುಗ್ಗಲಿನಲ್ಲಿ 11 ಜೀವ ಹೋದವು. ಎಂಜಿನಿಯರ್ ನೋಡಿ ಸಹಿ ಹಾಕದ ಗ್ಯಾಲರಿಯ ಮೇಲೆ ಒಂದು ಟಿಕೆಟ್ಟನ್ನೂ ಮಾರಕೂಡದು.

ಇದನ್ನೆಲ್ಲ ಹೇಳಿದ ಮೇಲೆ ಹೊಸೂರಿನ ಗೆಳೆಯರು ಸ್ವಲ್ಪ ಸಪ್ಪಗಾದರು. ಅವರಿಗೆ ಬೇಕಿದ್ದದ್ದು ಐದು ಸಾವಿರ ಕುರ್ಚಿಯ, ಮುಂದೆ ಕಾರ್ಖಾನೆಯೊಂದರ ಹೆಸರು ಬರೆಸಿಕೊಂಡ ಕ್ರೀಡಾಂಗಣ. ಹೆಸರು ಮಾರುವುದು ತಪ್ಪಲ್ಲ. ಟಿವಿಎಸ್, ಲೇಲ್ಯಾಂಡ್, ಟೈಟಾನ್ ಇರುವ ಊರು ಇದು. ಆದರೆ ಕಂಪನಿಯವರು ಬೋರ್ಡು ಹಾಕಿಸುವ ಮೊದಲು ಅದನ್ನು ಎಷ್ಟು ಜನ ನೋಡುತ್ತಾರೆಂದು ಕೇಳುತ್ತಾರೆ. ವಾರವಿಡೀ ಕಾರ್ಮಿಕರ ಮಕ್ಕಳು ಆಡುವ ಅಂಗಣಕ್ಕೆ ಉತ್ತರ ಸಿದ್ಧವಿರುತ್ತದೆ. ತಿಂಗಳಿಗೊಮ್ಮೆ ತೆರೆಯುವ ಗೇಟಿಗಲ್ಲ.

ಅವರನ್ನು ಸಾನಮಾವಿಗೆ ಕರೆದುಕೊಂಡು ಹೋಗಿದ್ದೆ. ಹೊಲದ ಯಜಮಾನರು ನಮಗೆ ಬೇಯಿಸಿದ ಅವರೆಕಾಯಿ ಕೊಟ್ಟರು, ಅದೇ ಹೊಲದ ಅಕ್ಕಡಿಯದ್ದು. ಮುಂದಿನ ಭಾನುವಾರವೂ ಅಲ್ಲಿ ಆಟವಿದೆ, ಮೂರು ಗಂಟೆಗೆ. ಟಿಕೆಟ್ ಇಲ್ಲ, ಹುಣಸೆ ಮರದ ಬುಡದಲ್ಲಿ ಒಂದು ಡಬ್ಬಿ ಇಟ್ಟಿರುತ್ತಾರೆ; ಬೂಟಿಲ್ಲದ ಹುಡುಗರ ಲೆಕ್ಕದ್ದು. ನೀವು ಬಂದರೆ ಕೈಲಾದಷ್ಟು ಹಾಕಿ, ಐದೂವರೆಗೆ ಗಾಡಿ ತಿರುಗಿಸಿ.