ಮಾಡಿದ ಕಲ್ಲು, ಮಾಗಿದ ಕಲ್ಲು

ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಕೌದಳ್ಳಿಯಲ್ಲಿ ಕೂತು ಉಪ್ಪುನೀರಿನ ತೊಟ್ಟಿ ಇಡುತ್ತೇನೆಂದರೆ ಯಾರಾದರೂ ನಕ್ಕೇ ನಗುತ್ತಾರೆ. ಯಾವ ದಿಕ್ಕಿನ ಬಸ್ಸು ಹತ್ತಿದರೂ ಕಡಲು ಇನ್ನೂರು ಕಿ.ಮೀ.ಗೂ ಆಚೆ. ಆದರೂ ಉಪ್ಪು ಚೀಲದಲ್ಲಿ ಬರುತ್ತದೆ, ಮೀನು ಆಮ್ಲಜನಕ ತುಂಬಿದ ಪೊಟ್ಟಣದಲ್ಲಿ ಬರುತ್ತದೆ. ಕಲ್ಲನ್ನು ಮಾತ್ರ ತರಿಸಬಾರದು. ನೈಜ ಹವಳದ ಕಲ್ಲು ನಮ್ಮ ಕಡಲಿನದಾದರೆ ಅದನ್ನು ಮುಟ್ಟುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳೆಲ್ಲ ಸೇರಿದವು. ಹುಲಿಗಿರುವ ರಕ್ಷಣೆಯೇ ಅವಕ್ಕೂ. ‘ಸತ್ತ ಹವಳ ಸಾರ್, ಏನೂ ಆಗಲ್ಲ’ ಎಂದು ಮಾರುವವರ ಮಾತಿಗೆ ಕಿವಿಗೊಡಬೇಡಿ.

ಕಾಯ್ದೆ ಸುಮ್ಮನೆ ಬಂದದ್ದಲ್ಲ. ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಹವಳ ಬಗೆದು ಸುಣ್ಣದ ಗೂಡಿಗೂ ಕಾರ್ಖಾನೆಗೂ ಸಾಗಿಸಿದರು. ಅಲ್ಲಿನ 21 ದ್ವೀಪಗಳಲ್ಲಿ ವಿಲಾಂಗುಚಲ್ಲಿ, ಪೂವರಸನ್‌ಪಟ್ಟಿ ಎಂಬ ಎರಡು ನೀರಿನಡಿ ಹೋದವು. 2015ರಿಂದೀಚೆಗೆ ತೂತುಕುಡಿಯ ಬಳಿಯ ವಾನ್ ದ್ವೀಪವನ್ನು ಉಳಿಸಲು ಕಾಂಕ್ರೀಟಿನ ಕೃತಕ ಬಂಡೆಗಳನ್ನು ಇಳಿಸುತ್ತ ಬಂದಿದ್ದಾರೆ. ಹವಳ ಸುಟ್ಟು ಸುಣ್ಣ ಮಾಡಿದ ಕಡಲಿಗೆ ಈಗ ಸಿಮೆಂಟಿನ ಕಲ್ಲು ಹಾಕುವ ಕಾಲ. ಹಾಗಿದ್ದಮೇಲೆ ಮನೆಯ ತೊಟ್ಟಿಗೆ ಸಿಮೆಂಟು ಕೀಳೇನಲ್ಲ.

ಸಿಮೆಂಟಿನಿಂದ ತೊಟ್ಟಿಯ ಕಲ್ಲು ಮಾಡುವ ಈ ಕೆಲಸವನ್ನು ಹವ್ಯಾಸಿಗಳ ನಡುವೆ ಜನಪ್ರಿಯಗೊಳಿಸಿದವರೂ ಕಡಲತೀರದವರಲ್ಲ. ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ಎಂಬ ಊರಿನ ಜಿಯೋಥರ್ಮಲ್ ಅಕ್ವಾಕಲ್ಚರ್ ರಿಸರ್ಚ್ ಫೌಂಡೇಶನ್ ‘ಅರಗೋಕ್ರೀಟ್’ ಹೆಸರಿನಲ್ಲಿ ಇದನ್ನು ಹಬ್ಬಿಸಿತು. ಐಡಾಹೊಗೂ ಕಡಲಿಲ್ಲ, ಕೌದಳ್ಳಿಯವರು ಅಳುಕಬೇಕಿಲ್ಲ.

‘ನಮ್ಮಲ್ಲೇ ಕಲ್ಲಿಗೇನು ಬರ?’ ಎನ್ನಬಹುದು. ಚಾಮರಾಜನಗರದ ಕರಿಕಲ್ಲಿಗೆ ದೊಡ್ಡ ಹೆಸರಿದೆ. ತೊಟ್ಟಿಗೆ ಮಾತ್ರ ಅದು ದಂಡ, ಯಾಕೆಂದರೆ ಒಳಗೆ ಒಂದು ಸೂಜಿಮೊನೆಯಷ್ಟೂ ಪೊಳ್ಳಿಲ್ಲ. ನಮಗೆ ಬೇಕಾದದ್ದು ತೂತು. ಹೊರಮೈಯಲ್ಲಿ ಕೂತ ಬ್ಯಾಕ್ಟೀರಿಯಾ ಮೀನಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಗಿನ ಪೊಳ್ಳುಗಳಲ್ಲಿ ಇನ್ನೊಂದು ಬಗೆಯವು ಆ ನೈಟ್ರೇಟನ್ನು ಸಾರಜನಕ ಮಾಡಿ ಗಾಳಿಗೆ ಬಿಡುತ್ತವೆ. ಹೊಲದಲ್ಲಿ ಸಿಗುವ ಸುಣ್ಣಕಲ್ಲಿನ ಆಸೆಯೂ ಬೇಡ, ಅದು ಮಣ್ಣನ್ನೂ ಗೊಬ್ಬರವನ್ನೂ ಹೊತ್ತೇ ಬರುತ್ತದೆ.

ಬೆರಕೆಗೆ ಸಿಮೆಂಟು ಒಂದು ಪಾಲು, ಚಿಪ್ಪಿನ ನುಚ್ಚು ಮೂರರಿಂದ ನಾಲ್ಕು ಪಾಲು, ದಪ್ಪ ಕಲ್ಲುಪ್ಪು ಒಂದೂವರೆ ಪಾಲು. ಚಿಪ್ಪಿನ ನುಚ್ಚಿಗೆ ಅಕ್ವೇರಿಯಂ ಅಂಗಡಿಗೆ ಹೋಗುವ ಅಗತ್ಯವಿಲ್ಲ, ಮೊಟ್ಟೆಕೋಳಿಗೆ ಹಾಕಲು ಕೋಳಿ ಆಹಾರದ ಅಂಗಡಿಯಲ್ಲಿ ಮಾರುತ್ತಾರೆ. ತೊಳೆದು ಬಳಸಿ. ಒಣದಾಗಿಯೇ ಬೆರೆಸಿ, ಉಪ್ಪನ್ನು ಕೊನೆಗೆ ಹಾಕಿ, ನೀರು ಚಿಮುಕಿಸಿ. ಹಿಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿನಲ್ಲಿ ಹನಿ ಇಳಿಯಬಾರದು. ನೀರು ಹೆಚ್ಚಾದರೆ ಉಪ್ಪು ಅಲ್ಲೇ ಕರಗಿ ಬೆರಕೆ ಬಿಗಿಯಾಗುತ್ತದೆ, ಬಯಸಿದ ತೂತು ಸಿಗುವುದಿಲ್ಲ. ಒದ್ದೆ ಮರಳಿನ ಗುಂಡಿಯಲ್ಲಿ ಅದನ್ನು ಸುರಿಯಿರಿ, ತಟ್ಟಬೇಡಿ. ತಟ್ಟಿದ ಕಲ್ಲು ಇಡ್ಲಿ ಆಗುತ್ತದೆ, ಹವಳ ಆಗುವುದಿಲ್ಲ. ಎರಡು ದಿನಕ್ಕೆ ಎತ್ತಬಹುದು.

ಸಿಮೆಂಟು ಯಾವುದು? ಹಳ್ಳಿಯ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ. ಬೂದಿಯಲ್ಲಿ ಭಾರಲೋಹ ಇರುತ್ತದೆಂದು ಹೆದರಿ ಹಲವರು ಬಿಳಿ ಸಿಮೆಂಟಿಗೆ ಓಡುತ್ತಾರೆ. ನನ್ನ ಮತ ಪಿಪಿಸಿಗೇ. ಆ ಬೂದಿ ಸಿಮೆಂಟು ಗಟ್ಟಿಯಾಗುವಾಗ ಹುಟ್ಟುವ ಸುಣ್ಣವನ್ನು ನಿಧಾನಕ್ಕೆ ತಾನೇ ಹಿಡಿದು ಕಟ್ಟಿಕೊಳ್ಳುತ್ತದೆ, ಮತ್ತು ನಮ್ಮ ತಲೆನೋವೆಲ್ಲ ಆ ಸುಣ್ಣದ್ದೇ. ಗೋಡೆಗೆ ಬಳಿಯುವ ಪುಟ್ಟಿಯನ್ನು ಮಾತ್ರ ಬಿಳಿ ಸಿಮೆಂಟೆಂದು ತರಬೇಡಿ, ಅದರಲ್ಲಿ ಪಾಲಿಮರ್ ಇರುತ್ತದೆ.

ಇಲ್ಲಿಯವರೆಗಿನದು ಒಂದು ಮಧ್ಯಾಹ್ನದ ಕೆಲಸ. ಕಲ್ಲು ನಿಜವಾಗಿ ತಯಾರಾಗುವುದು ನೀರಿನಲ್ಲಿ. ಹೊಸ ಸಿಮೆಂಟಿನೊಳಗಿನ ನೀರಿನ ಪಿಎಚ್ ಸುಮಾರು 12.5, ಕಡಲಿನದು 8.2ರ ಆಸುಪಾಸು. ಆ ಅಂತರ ಇಳಿಯುವ ದಾರಿ ಎರಡೇ: ಸುಣ್ಣ ನೀರಿಗೆ ಬಿಟ್ಟುಹೋಗಬೇಕು, ಇಲ್ಲವೇ ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಮತ್ತೆ ಸುಣ್ಣಕಲ್ಲಾಗಬೇಕು. ನಮ್ಮ ಹಳೆಯ ಗಾರೆಯವರಿಗೆ ಈ ಎರಡನೆಯದು ಕೈಗತ. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಅಳಲೆಕಾಯಿ, ಬೆಲ್ಲದ ನೀರು ಕೂಡಿಸಿ, ಅರೆದು, ಗೋಡೆ ಕಟ್ಟಿ, ಮಿಕ್ಕದ್ದನ್ನು ಗಾಳಿಗೆ ಬಿಡುತ್ತಿದ್ದರು. ಆ ನೆನಪಿನಲ್ಲಿ ನಮ್ಮ ಬೆರಕೆಗೆ ಬೆಲ್ಲ ಹಾಕಬೇಡಿ: ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಚಿಟಿಕೆ ಸಕ್ಕರೆ ಬಿದ್ದರೂ ಗಟ್ಟಿಯಾಗಲು ಹಟ ಮಾಡುತ್ತದೆ.

ಮೊದಲ ವಾರ ಒದ್ದೆ ಗೋಣಿಚೀಲ ಹೊದಿಸಿ ನೆರಳಲ್ಲಿಡಿ. ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಮತ್ತು ನಮ್ಮ ಬೇಸಿಗೆಗೆ ಒಣಗಿಸುವುದೆಂದರೆ ಪ್ರೀತಿ. ಆಮೇಲೆ ಡ್ರಮ್ಮಿನ ನೀರಿಗೆ ಇಳಿಸಿ, ಉಪ್ಪೆಲ್ಲ ಕರಗುವವರೆಗೆ ದಿನಾ ನೀರು ಬದಲಿಸಿ, ಅಲ್ಲಿಂದಾಚೆಗೆ ವಾರಕ್ಕೊಮ್ಮೆ. ನಡುನಡುವೆ ನಾಲ್ಕಾರು ದಿನ ಹೊರಗೆ ತೆಗೆದಿಡಿ: ತೀರ ಒದ್ದೆಯಾದ ತೂತಿಗೆ ಗಾಳಿ ಹೋಗದು, ಅರೆಒಣಗಿದ್ದಕ್ಕೆ ಹೋಗುತ್ತದೆ. ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ವಿನೆಗರಿನಲ್ಲಿ ಅದ್ದಿ ಎರಡು ದಿನದಲ್ಲಿ ಮುಗಿಸುವವರಿದ್ದಾರೆ. ಆಮ್ಲ ತಾಕುವುದು ಮೈಗೆ ಮಾತ್ರ, ಒಳಗಿನ ಸುಣ್ಣ ವಾರದ ಮೇಲೆ ಮತ್ತೆ ಹೊರಬರುತ್ತದೆ, ಆಗ ತೊಟ್ಟಿಯಲ್ಲಿ ಮೀನಿರುತ್ತದೆ.

ಪರೀಕ್ಷೆಯಲ್ಲಿ ಒಂದು ಸೂಕ್ಷ್ಮ. ಆರ್‌ಒ ನೀರಿನಲ್ಲಿ ಕಲ್ಲಿಟ್ಟು ಪಿಎಚ್ ನೋಡಿ ‘ಇನ್ನೂ 9 ಇದೆ’ ಎಂದು ಹತಾಶರಾಗುವವರೇ ಹೆಚ್ಚು. ತಡೆಯುವ ಲವಣವಿಲ್ಲದ ಆ ನೀರಿಗೆ ತೃಣದಷ್ಟು ಸುಣ್ಣ ಸೇರಿದರೂ ಪಿಎಚ್ ಜಿಗಿಯುತ್ತದೆ. ಬರೀ ಸುಣ್ಣಕಲ್ಲಿಟ್ಟರೂ ಏರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಇದಕ್ಕೆ ವಿರುದ್ಧ, ಇರುವ ಸುಣ್ಣವನ್ನೂ ಮುಚ್ಚಿಡುತ್ತದೆ. ಆದ್ದರಿಂದ ಕೊನೆಯ ಪರೀಕ್ಷೆ ಉಪ್ಪುನೀರಿನಲ್ಲೇ ಆಗಲಿ. ಸಾಂದ್ರತೆ 1.025ಕ್ಕೆ ಕಲಸಿದ ಬಕೆಟ್ಟಿನಲ್ಲಿ ಕಲ್ಲು ಮೂರು ದಿನ ಇದ್ದು ಪಿಎಚ್ 8.4 ದಾಟದಿದ್ದರೆ ತೊಟ್ಟಿಗೆ ಇಳಿಸಿ. ಇಳಿಸಿದ ಮೇಲೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ, ಅಂದರೆ ಇನ್ನೊಂದು ತಿಂಗಳು, ಮೀನು ಬೇಡ. ಬಂದಮೇಲೆ ಮೊದಲ ಅತಿಥಿ ಕಡಲಲ್ಲಿ ಹಿಡಿದದ್ದಲ್ಲದ, ಸಾಕಣೆಯಲ್ಲೇ ಹುಟ್ಟಿದ ಕ್ಲೌನ್ ಮೀನಾಗಲಿ. ಅದರ ಮರಿ ಮಾಡಿಸುವ ವಿಧಾನವನ್ನು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿಕೊಟ್ಟಿದೆ.

ನಮ್ಮ ಕಡೆ ಈ ಹವ್ಯಾಸದ ನಿಜವಾದ ದುಬಾರಿ ಬಾಬತ್ತು ಸಿಮೆಂಟಲ್ಲ, ಡ್ರಮ್ಮಿನ ನೀರು. ಮೊದಲ ವಾರಗಳಲ್ಲಿ ಚೆಲ್ಲುವ ನೀರು ಉಪ್ಪು ಮತ್ತು ಸುಣ್ಣದ್ದು, ಬಾಳೆಗೂ ತೆಂಗಿಗೂ ಆಗದು. ಹಾಗಾಗಿ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಸು ಸುರಿದು ಕಲ್ಲು ಮಾಗಿಸುವುದು ನನ್ನ ಲೆಕ್ಕದಲ್ಲಿ ಸಲ್ಲದು. ಚಳಿಗಾಲದಲ್ಲಿ ಎರಕ ಹೊಯ್ದು ಒಣಗಿಸಿಟ್ಟುಕೊಳ್ಳಿ, ಗಾಳಿ ತನ್ನ ಪಾಲಿನ ಕೆಲಸ ಮಾಡುತ್ತಿರಲಿ. ಜೂನ್ ಬಿದ್ದ ಮೇಲೆ ಸೂರಿನ ನೀರಿಗೆ ಡ್ರಮ್ಮು ಇಡಿ.